ನವಿಲುಗರಿ ಬಣ್ಣದ ಸೀರೆಯೂ ನಮ್ಮ ಮಾವನ ಅನುಮಾನವೂ

ನನ್ನ ಸೋದರಮಾವ ಈ ಲೋಕದಲ್ಲಿ ಒಬ್ಬರೇ ಒಬ್ಬರನ್ನು ಪೂರ್ತಿಯಾಗಿ ನಂಬುತ್ತಾರಂತೆ. ಅದು ಯಾರೆಂದು ಮಾತ್ರ ಇದುವರೆಗೆ ಬಾಯಿ ಬಿಟ್ಟಿಲ್ಲ. ಹೇಳಿದರೆ ನಾವೆಲ್ಲ ಸೇರಿ ಆ ಮನುಷ್ಯನನ್ನೂ ಕೆಡಿಸಿಬಿಡುತ್ತೇವೆಂಬ ಅನುಮಾನ!

ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ಬಣ್ಣದ ಕೆಲಸ ಕಲಿತ ಮಾವ, ಸೂರತ್ತಿಗೆ ಬಂದು ಅಲ್ಲಿನ ಪಾಂಡೇಸರಾ ಬಡಾವಣೆಯ ಒಂದು ಮಿಲ್ಲಿನಲ್ಲಿ ಡೈಯಿಂಗ್ ಮಾಸ್ಟರ್ ಆದವರು. ಗಿರಾಕಿ ಕೊಟ್ಟ ಮಾದರಿಯ ಬಣ್ಣವೂ ಬಟ್ಟೆಗೆ ಹತ್ತಿದ ಬಣ್ಣವೂ ಒಂದೇ ಹೌದೋ ಅಲ್ಲವೋ ಎಂದು ತೀರ್ಪು ಕೊಡುವುದು ಅವರ ಕೆಲಸ. ಅನುಮಾನ ಪಡುವುದಕ್ಕೇ ಸಂಬಳ ಕೊಡುವ ಇಂಥ ನೌಕರಿ ಇನ್ನೆಲ್ಲಿ ಸಿಕ್ಕೀತು, ಹೇಳಿ? ಟ್ಯೂಬ್‌ಲೈಟಿನ ಬೆಳಕನ್ನು ಅವರು ನಂಬುವುದಿಲ್ಲ. ಏನಿದ್ದರೂ ಬಿಸಿಲಿಗೆ ಒಯ್ದು ನೋಡಬೇಕು. ಬಟ್ಟೆಯಷ್ಟೇ ಅಲ್ಲ, ಬದನೆಕಾಯಿಯನ್ನೂ! ತರಕಾರಿಯವನು, "ಕಾಕಾ, ಇದು ಬದನೆಕಾಯಿ, ದುಪಟ್ಟಾ ಅಲ್ಲ" ಎಂದು ಎಷ್ಟೋ ಸಲ ಕೈಮುಗಿದಿದ್ದಾನೆ. ಗುಜರಾತಿನಲ್ಲಿ ಇಪ್ಪತ್ತು ವರ್ಷ ಇದ್ದರೂ ಅಲ್ಲಿನ ಸಿಹಿ ದಾಲ್ ಅವರಿಗೆ ಒಗ್ಗಲಿಲ್ಲ. "ಬ್ಯಾಳಿಗೆ ಬೆಲ್ಲ ಹಾಕ್ತಾರಂದ್ರೆ ಏನೋ ಮುಚ್ಚಿಡ್ತಿದಾರೆ ಅಂತಲೇ ಅರ್ಥ" ಎನ್ನುತ್ತಿದ್ದರು.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ನಾನಾಗ ವಡೋದರಾದ ಒಂದು ಖಾಸಗಿ ಕಂಪನಿಯಲ್ಲಿ ಇಂಜಿನಿಯರು. ಅಲ್ಕಾಪುರಿಯ ಹಿಂದಿನ ಗಲ್ಲಿಯಲ್ಲಿ ಒಂದು ಬಾಡಿಗೆ ಮನೆ, ಅದರಲ್ಲೊಂದು ಕಂಪ್ಯೂಟರು. ಆ ಕಂಪ್ಯೂಟರಿಗೆ ಹೊಸದಾಗಿ ಒಂದು ಕಾರ್ಡು ಕೂರಿಸಿದ್ದೆ. ವಿಡಿಯೋ ಕ್ಯಾಸೆಟ್ಟಿನಲ್ಲಿರುವುದನ್ನು ಒಳಗೆಳೆದುಕೊಂಡು ಸಿ.ಡಿ. ಮಾಡಿಕೊಡುವ ಕಾರ್ಡು. ಈ ಸುದ್ದಿಯನ್ನು ಫೋನಿನಲ್ಲಿ ಅತ್ತೆಗೆ ಹೇಳಿದ್ದೇ ನನ್ನ ತಪ್ಪು.

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಮಾವ! ಒಂದು ಕೈಯಲ್ಲಿ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿದ ವಿ.ಸಿ.ಆರ್., ಇನ್ನೊಂದು ಕೈ ಅಂಗಿಯೊಳಗೆ. ಹೊಟ್ಟೆ ನೋವೇನೋ ಎಂದುಕೊಂಡೆ. ಅಂಗಿಯೊಳಗಿಂದ ಹೊರಬಂದದ್ದು ಅವರ ಸೂರತ್ತಿನ ಮನೆಯ ಗೃಹಪ್ರವೇಶದ ಕ್ಯಾಸೆಟ್ಟು.

"ಸೂರತ್ತಿನಲ್ಲೇ ಸ್ಟುಡಿಯೋದವರು ಮಾಡಿಕೊಡ್ತಿದ್ದರಲ್ಲ ಮಾವ?"

"ಅವರ ಕೈಗೆ ಕೊಡಾದಾ? ಒಂದು ನಮಗೆ ಕೊಟ್ಟು, ಹತ್ತು ಕಾಪಿ ಇಟ್ಕೊಂತಾರೆ."

ಹದಿನೈದು ವರ್ಷ ಹಿಂದಿನ ಗೃಹಪ್ರವೇಶದಲ್ಲಿ ಯಾರೋ ಪಾಯಸ ಸುರಿದುಕೊಳ್ಳುವ ದೃಶ್ಯವನ್ನು ಕದ್ದು ಕಾಪಿ ಮಾಡಿಸಿ ನೋಡುವ ಮಹಾನುಭಾವರು ಯಾರೋ, ನಾನು ಕೇಳಲಿಲ್ಲ.

ವಿ.ಸಿ.ಆರ್. ಜೋಡಿಸಿ ಕ್ಯಾಸೆಟ್ಟು ಹಾಕಿದೆ. ಚಿತ್ರ ಬಂತು. ಹೊಸ್ತಿಲು, ಕಳಸ, ಅತ್ತೆ, ಎಲ್ಲ ಬಂದವು. ಬಣ್ಣ ಮಾತ್ರ ಬರಲಿಲ್ಲ! ಎಲ್ಲವೂ ಕಪ್ಪು ಬಿಳುಪು.

ಮಾವ ಕುರ್ಚಿಯಿಂದ ನಿಧಾನವಾಗಿ ನನ್ನ ಕಡೆ ತಿರುಗಿದರು. "ಬಣ್ಣ ಎಲ್ಲಿಗೆ ಹೋತಲೇ?"

"ಎಲ್ಲೂ ಹೋಗಿಲ್ಲ ಮಾವ. ಸೆಟ್ಟಿಂಗ್ ಅಮೆರಿಕದ ಪದ್ಧತಿಗೆ ಇದೆ. ನಮ್ಮ ದೇಶದ ಕ್ಯಾಸೆಟ್ಟು ಬೇರೆ ಪದ್ಧತಿಯದು. ಅದಕ್ಕೇ ಬಣ್ಣ ಹಿಡೀತಿಲ್ಲ."

"ನಮ್ಮನಿ ಗೃಹಪ್ರವೇಶದಾಗೆ ಅಮೆರಿಕದೋರಿಗೆ ಏನು ಕೆಲಸ?"

ಸೆಟ್ಟಿಂಗ್ ಬದಲಿಸಿದೆ. ಬಣ್ಣ ಬಂತು, ಜೊತೆಗೆ ಹೊಸ ಕಾಟವೂ ಬಂತು. ಪರದೆಯ ಬಲಗಡೆ ಮೂಲೆಯಲ್ಲಿ ನೇರಳೆ ಬಣ್ಣದ ದೊಡ್ಡ ಕಲೆ. ಆ ಮೂಲೆಯಲ್ಲಿ ಆಗ ನಿಂತಿದ್ದವರು ಮಾವನ ಷಡ್ಡಕ. ಅವರ ಮುಖ ಪೂರ್ತಿ ನೇರಳೆ ಹಣ್ಣು! ಮಾವ ಬಹಳ ಹೊತ್ತು ನೋಡಿ, "ಇರಲಿ ಬಿಡು, ಅವನು ಅವತ್ತೂ ಹಂಗೇ ಇದ್ದ" ಎಂದರು. ಆದರೆ ಷಡ್ಡಕ ಆಚೆ ಹೋಗಿ ಅದೇ ಮೂಲೆಗೆ ಪುರೋಹಿತರು ಬಂದರು. ಅವರೂ ನೇರಳೆ! ಮಾವ ಎದ್ದು ನಿಂತರು. "ನಮ್ಮ ಮುಖಕ್ಕೆ ಮಸಿ ಬಳಿಯೋ ಮಿಷನ್ನೇನಲೇ ಇದು?"

ತಪ್ಪು ಮಾನಿಟರಿನ ಪಕ್ಕ ನಾನು ಇಟ್ಟಿದ್ದ ಸ್ಪೀಕರಿನದು. ಅದರೊಳಗಿನ ಅಯಸ್ಕಾಂತ ಪರದೆಯ ಬಣ್ಣ ಎಳೆದಾಡುತ್ತಿತ್ತು. ಕ್ಯಾಸೆಟ್ಟಿಗೆ ಏನೂ ಆಗಿರಲಿಲ್ಲ. ಸ್ಪೀಕರನ್ನು ದೂರ ಸರಿಸಿ, ಪರದೆಗೆ ಹತ್ತಿದ ಅಯಸ್ಕಾಂತದ ಪ್ರಭಾವ ತೆಗೆಯುವ ಬಟನ್ ಒತ್ತಿದೆ. "ಢೊಂಯ್" ಎಂದು ಪರದೆ ಗಡಗಡ ನಡುಗಿತು. ತಿರುಗಿ ನೋಡಿದರೆ ಮಾವ ಬಾಗಿಲ ಆಚೆ, ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ!

ಒಳಗೆ ಕರೆತಂದು ಕೂರಿಸಿದೆ. ಎಲ್ಲ ಸರಿಯಾಯಿತು ಎಂದುಕೊಂಡೆ. ನಿಜವಾದ ತಕರಾರು ಶುರುವಾದದ್ದೇ ಆಗ. ಪರದೆಯ ಮೇಲೆ ಅತ್ತೆ ಹಾಲುಕ್ಕಿಸುತ್ತಿದ್ದರು. ಉಟ್ಟಿದ್ದ ಸೀರೆ ನವಿಲುಗರಿ ಬಣ್ಣದ್ದು. ಮಿಲ್ಲಿನಲ್ಲಿ ರಜೆಯ ದಿನ ಕೂತು, ಏಳು ಸಲ ಅದ್ದಿ ತೆಗೆದು, ಮಾವ ತಾವೇ ಕೈಯಾರೆ ಬಣ್ಣ ಹಾಕಿದ ಸೀರೆ ಅದು.

"ಇದು ಪಾಚಿ ಹಸಿರು" ಎಂದರು ಮಾವ.

"ಇಲ್ಲ ಮಾವ, ನೀಲಿ ಚೆನ್ನಾಗೇ ಇದೆ."

"ನಂಗೆ ಬಣ್ಣ ಹೇಳಿಕೊಡ್ತೀಯಾ?"

ಸರಿ, ನೀಲಿ ಜಾಸ್ತಿ ಮಾಡಿದೆ. ಸಾಲದು ಎಂದರು. ಇನ್ನೂ ಮಾಡಿದೆ. ಇನ್ನೂ ಅಂದರು. ಕೊನೆಗೊಮ್ಮೆ "ಹಾಂ! ಈಗ ಬಂತು ನೋಡು!" ಎಂದು ಮಾವ ತೊಡೆ ತಟ್ಟಿದಾಗ, ಪರದೆಯ ಮೇಲೆ ಅತ್ತೆಯೂ ನೀಲಿ, ಹಾಲೂ ನೀಲಿ, ಒಲೆಯ ಉರಿ ಮೊದಲೇ ನೀಲಿ.

"ಮಾವ, ಅತ್ತೆ?"

"ಅವಳನ್ನ ಆಮೇಲೆ ನೋಡನ. ಸೀರೆ ಸರಿಯಾತಲ್ಲ!"

ಆದರೂ ಸಮಾಧಾನವಾಗಲಿಲ್ಲ. ಕೇಬಲ್ಲಿನ ಮೇಲೆ ಅನುಮಾನ, ಕಾರ್ಡು ಮಾರಿದವನ ಮೇಲೆ ಅನುಮಾನ, ನನ್ನ ಮೇಲಂತೂ ಕಡುಅನುಮಾನ. ಸಂಜೆ ಕ್ಯಾಸೆಟ್ಟನ್ನು ಮತ್ತೆ ಅಂಗಿಯೊಳಗಿಟ್ಟುಕೊಂಡು ರೈಲು ಹತ್ತಿದರು.

ಮರು ಭಾನುವಾರ ಮತ್ತೆ ಬಂದರು. ಈ ಸಲ ಸಾಕ್ಷಿಯೊಂದಿಗೆ! ಅತ್ತೆಯ ಬೀರುವಿನಿಂದ ಅದೇ ಸೀರೆಯನ್ನು ತಂದಿದ್ದರು. ಹೆಚ್ಚಿಸಿದ್ದ ನೀಲಿಯನ್ನು ಮೊದಲಿನಂತೆ ಮಾಡಿ, ಪರದೆಯ ಪಕ್ಕ ಸೀರೆ ಹಿಡಿದೆವು. ಎರಡೂ ಒಂದೇ ಬಣ್ಣ. ನಾನು ಗೆದ್ದೆ ಎಂದು ಹಿಗ್ಗುವಷ್ಟರಲ್ಲಿ ಮಾವ ಸೀರೆಯನ್ನು ಬಾಲ್ಕನಿಯ ಬಿಸಿಲಿಗೆ ಒಯ್ದು, ತಿರುಗಿಸಿ ಮುರುಗಿಸಿ ನೋಡಿ, "ಇದು ಆ ಸೀರೆ ಅಲ್ಲ. ಲಾಂಡ್ರಿಯೋನು ಬದಲಾಯಿಸಿದಾನೆ!" ಎಂದರು.

ಇನ್ನು ನನ್ನಿಂದಾಗದು ಎಂದು ಕೆಳಗಿನ ಮನೆಯ ಒಡತಿಯನ್ನೇ ಕರೆದೆ. ಗುಜರಾತಿ ಹೆಂಗಸು, ಸೀರೆ ವಿಷಯದಲ್ಲಿ ಸುಳ್ಳು ಹೇಳುವವರಲ್ಲ. ಮಾವ ಹಿಂದಿಯಲ್ಲಿ ಪ್ರಮಾಣ ಮಾಡಿಸುವವರಂತೆ ಕೇಳಿದರು, "ಬೆಹನ್‌ಜೀ, ಸಚ್ ಬೋಲನಾ. ಇದು ಯಾವ ರಂಗ್?"

ಅವರು ಸೆರಗನ್ನು ಬೆರಳಲ್ಲಿ ಸವರಿ, "ಮೋರ್‌ಪೀಂಛ್! ಕೇಟ್ಲೋ ಸರಸ್ ಕಲರ್ ಛೇ, ಭಾಈ!" ಎಂದು ಬಾಯಿತುಂಬ ಹೊಗಳಿದರು. ಅವರ ಭಾಷೆಯಲ್ಲೂ ಅದು ನವಿಲುಗರಿಯೇ. ಪರದೆ ತೋರಿಸಿದರೆ ಅದಕ್ಕೂ ಅದೇ ಉತ್ತರ. ಹೊಗಳಿ ಕೆಳಗಿಳಿದು ಹೋದರು.

ಮಾವ ಬಾಲ್ಕನಿಯಲ್ಲೇ ನಿಂತು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಸೀರೆ ನೋಡಿದರು. ಆಮೇಲೆ ಎಡಗಣ್ಣನ್ನು ಮುಚ್ಚಿ ನೋಡಿದರು. ಮತ್ತೆ ಬಲಗಣ್ಣು. ನಗು ಬರಬೇಕಿತ್ತು, ನನಗೆ ಬರಲಿಲ್ಲ.

"ಎರಡೂ ಕಣ್ಣಿಗೂ ಹಳದಿ ಕವಿದೈತೆ ಕಣಲೇ. ಬಲಗಣ್ಣಿಗೆ ಇನ್ನೂ ಜಾಸ್ತಿ. ಎಂಟು ತಿಂಗಳಾತು" ಎಂದರು ಮೆಲ್ಲಗೆ. "ಮಿಲ್‌ನಾಗೆ ಒಂದರ ಮೇಲೊಂದು ಬಟ್ಟೆ ಥಾನು ವಾಪಸ್ ಕಳಿಸ್ದೆ. ಬಣ್ಣ ಕೊಟ್ಟೋನ್ನ ಬೈದೆ, ಬಾಯ್ಲರ್‌ನೋನ್ನ ಬೈದೆ. ಲ್ಯಾಬಿನ ಮಿಷನ್ನು ಸರಿ ಐತೆ ಅಂದ್ರೆ ಅದಕ್ಕೂ ಬೈದೆ. ಯಾರಿಗಂತ ಹೇಳ್ಲಿ? ಕಣ್ಣು ಕೆಟ್ಟ ಡೈಯಿಂಗ್ ಮಾಸ್ಟರನ್ನ ಯಾರು ಇಟ್ಕೊಂತಾರೆ?"

ನಾನು ಸೀರೆಯ ಇನ್ನೊಂದು ತುದಿ ಹಿಡಿದು ಮಡಚತೊಡಗಿದೆ.

"ನೀನೇ ಏನೋ ಕಿತಾಪತಿ ಮಾಡೀಯ ಅಂತಾಗಿದ್ರೆ ಎಷ್ಟು ಚೆನ್ನಾಗಿತ್ತೋ!" ಎಂದರು ಮಾವ. ಜೀವಮಾನದಲ್ಲಿ ಮೊದಲ ಸಲ ತಮ್ಮ ಅನುಮಾನ ನಿಜವಾಗಲೆಂದು ದೇವರಲ್ಲಿ ಬೇಡಿಕೊಂಡು ಎರಡು ವಾರ ರೈಲು ಹತ್ತಿ ಬಂದಿದ್ದರು.

ಮರುದಿನ ರಜೆ ಹಾಕಿ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಅಲ್ಲೂ ಮಾವ ಮಾವನೇ. "ಇದೇ ಬೋರ್ಡನ್ನ ಎಲ್ರಿಗೂ ತೋರಿಸ್ತೀರಾ, ನಂಗೊಬ್ಬನಿಗೇ ಮಸುಕಿಂದಾ?" ಎಂದು ಡಾಕ್ಟರನ್ನೇ ವಿಚಾರಣೆಗೆ ನಿಲ್ಲಿಸಿದರು. ಡಾಕ್ಟರು ನಕ್ಕು, ಎರಡೂ ಕಣ್ಣಿಗೆ ಪೊರೆ ಬಂದಿದೆ, ಅದು ಹಳದಿಗಟ್ಟಿ ನೀಲಿಯನ್ನು ತಡೆಯುತ್ತಿದೆ, ತೆಗೆದರೆ ಸರಿಹೋಗುತ್ತದೆ ಎಂದರು. ಮಾವ ಮೂರು ಸಲ ಕೇಳಿದರು. ಮೂರು ಸಲವೂ ಅದೇ ಉತ್ತರ ಬಂದ ಮೇಲೆ ಕರವಸ್ತ್ರ ತೆಗೆದು, ಮೂಗು ಒರೆಸಿಕೊಳ್ಳುವ ನೆಪದಲ್ಲಿ ಮುಖವನ್ನೆಲ್ಲ ಒರೆಸಿಕೊಂಡರು.

ಸೂರತ್ತಿನಲ್ಲೇ ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಅತ್ತೆ ಫೋನು ಮಾಡಿದರು. ನಗುತ್ತಿದ್ದರೋ ಅಳುತ್ತಿದ್ದರೋ, ಆ ತಗಡಿನ ಡಬ್ಬಿಯ ಸದ್ದಿನಂಥ ಲೈನಿನಲ್ಲಿ ತಿಳಿಯಲಿಲ್ಲ.

"ಪಟ್ಟಿ ಬಿಚ್ಚಿದ ಕೂಡ್ಲೆ ಕಿಟಕಿ ನೋಡ್ಲಿಲ್ಲ, ಡಾಕ್ಟರನ್ನ ನೋಡ್ಲಿಲ್ಲ ಕಣಪ್ಪ. ನನ್ನ ತಲೆನೇ ನೋಡ್ತಾ ಕೂತ್ರು. 'ಯಾವಾಗ ಇಷ್ಟೊಂದು ಬೆಳ್ಳಗಾತೇ? ನಂಗೆ ಗೊತ್ತಿಲ್ಲದಂಗೆ!' ಅಂತ ನನ್ನ ಮ್ಯಾಲೇ ಅನುಮಾನ. ನಂಗೂ ನಾಚಿಕೆ ಆತು. ಹಂಗಾದ್ರೆ ನಾಳೆನೇ ಬಣ್ಣ ಹಾಕ್ಕೊಂತೀನಿ ಬಿಡಿ ಅಂದೆ."

"ಅದಕ್ಕೇನಂದರು ಮಾವ?"



"ಕೈಯಿಂದ ಕೂದ್ಲು ಹಿಂದಕ್ಕೆ ಸರಿಸಿ, ನನ್ನ ಕಿಟಕಿ ಹತ್ರ ಬಿಸಿಲಿಗೆ ಕರ್ಕೊಂಡೋದ್ರು. ಚೆನ್ನಾಗಿ ನೋಡಿದ್ರು. 'ಬ್ಯಾಡ, ಇದನ್ನ ಮುಟ್ಟಬ್ಯಾಡ, ಹಿಂಗೇ ಇರ್ಲಿ' ಅಂದ್ರು."