ಕೇಶವಪ್ರಸಾದರ ಸುಸ್ತುಮಾಪನ

ಮೂಡುಬಿದಿರೆಯ ವಿಜ್ಞಾನ ಮೇಷ್ಟ್ರು ಕೇಶವಪ್ರಸಾದರು ೧೯೮೧ರ ಮಳೆಗಾಲದ ಆಟಿ ತಿಂಗಳಲ್ಲಿ ಒಂದು ಭೀಷ್ಮಪ್ರತಿಜ್ಞೆ ಮಾಡಿದರು: ನಾಟ್ಯ ಮಾಡುವವರ ಸುಸ್ತನ್ನು ಅಳೆದೇ ಸಿದ್ಧ! ಅಳೆಯಲು ಜನ ಹುಡುಕಬೇಕಾಗಿರಲಿಲ್ಲ. ಹೆಂಡತಿ ವಾಗ್ದೇವಿಯಮ್ಮ ಮನೆಯ ಜಗಲಿಯಲ್ಲೇ ಹುಡುಗಿಯರಿಗೆ ಭರತನಾಟ್ಯ ಕಲಿಸುತ್ತಿದ್ದರು. ಸ್ವಾತಂತ್ರ್ಯ ದಿನಕ್ಕೆ ಬಿ.ಸಿ.ರೋಡಿನಲ್ಲಿ ಆ ಹುಡುಗಿಯರ ಮೊದಲ ಪ್ರದರ್ಶನ.

“ಸುಸ್ತಾಯ್ತಾ ಅಂತ ಕೇಳಿದ್ರೆ ಅವರೇ ಹೇಳ್ತಾರಲ್ಲ?” ಎಂದರು ವಾಗ್ದೇವಿಯಮ್ಮ.

“ಬಾಯಿಮಾತು ವಿಜ್ಞಾನ ಅಲ್ಲ ಮಾರಾಯ್ತಿ! ಒಬ್ಬಳು ನಾಚಿಕೆಯಲ್ಲಿ ಕಡಿಮೆ ಹೇಳ್ತಾಳೆ, ಇನ್ನೊಬ್ಬಳು ರಜೆಯ ಆಸೆಗೆ ಹೆಚ್ಚು ಹೇಳ್ತಾಳೆ. ಸಾಧನ ಬೇಕು, ಸಾಧನ!”

ಸಾಧನ ಅಟ್ಟದಿಂದ ಇಳಿಯಿತು. ಆಟಿಯ ಮಳೆಯಲ್ಲಿ ಹೆಂಗಸರೂ ಮಕ್ಕಳೂ ಕೂತು ಆಡುವ, ಎರಡು ಸಾಲು ಗುಳಿಗಳ ಚೆನ್ನೆಮಣೆ! ಹುಡುಗಿಗೊಂದು ಗುಳಿ. ಅಭ್ಯಾಸ ಮುಗಿದಾಗ ಎಷ್ಟು ಸುಸ್ತೋ ಅಷ್ಟು ಮಂಜೊಟ್ಟಿ ಬೀಜ ತನ್ನ ಗುಳಿಗೆ ಹಾಕಬೇಕು. ಮರುದಿನ ಬಂದಾಗ ಉಳಿದ ಸುಸ್ತಿನಷ್ಟು ಹಾಕಬೇಕು. ಇಳಿದದ್ದೆಲ್ಲ ಚೇತರಿಕೆ! ಮೇಷ್ಟ್ರು ಒಳಗೆ ಕಾಫಿ ಮುಗಿಸಿ ಬಂದು ಎಣಿಸುತ್ತಿದ್ದರು.

ಎಲ್ಲರ ಗುಳಿಯಲ್ಲೂ ಅಷ್ಟಿಷ್ಟು ಸುಸ್ತಿತ್ತು. ಬೆಳುವಾಯಿಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ನೀಲಾವತಿಯ ಗುಳಿ ಮಾತ್ರ ದಿನವೂ ಖಾಲಿ!

“ಉಕ್ಕಿನ ಹುಡುಗಿ! ಕೃಷ್ಣನ ಪಾತ್ರ ಇವಳಿಗೇ ಕೊಡು. ಅಭ್ಯಾಸವೂ ಇವಳಿಗೇ ಹೆಚ್ಚು ಮಾಡಿಸುವ.”

“ಅವಳು ಕುಂಟಿದ ಹಾಗೆ ಕಾಣ್ತದೆ ನನಗೆ.”

“ಕಣ್ಣಿಗೆ ಕಂಡದ್ದೂ ವಿಜ್ಞಾನ ಅಲ್ಲ!”

“ಸರ್, ನನ್ನ ಕಾಲು...” ಎಂದು ನೀಲಾವತಿಯೇ ಒಮ್ಮೆ ಬಾಯಿ ತೆರೆದಳು. ಮೇಷ್ಟ್ರು ಟ್ರಾಫಿಕ್ ಪೊಲೀಸನಂತೆ ಕೈ ಎತ್ತಿದರು. “ಬಾಯಲ್ಲಿ ಬೇಡ ಮಗಾ, ಬೀಜ ಹೇಳಲಿ!” ಹುಡುಗಿ ತಲೆ ತಗ್ಗಿಸಿ ಚೆನ್ನೆಮಣೆಯ ಕಡೆ ನಡೆದಳು.

ಬಿ.ಸಿ.ರೋಡಿನ ವೇದಿಕೆಯಲ್ಲಿ ಕೃಷ್ಣ ಒಂಟಿಕಾಲಲ್ಲಿ ನಿಂತು ಕೊಳಲು ಎತ್ತಿದ. ಎತ್ತಿದವನು ಹಾಗೆಯೇ ಕುಸಿದು ಕೂತ. ಇದೂ ನಾಟ್ಯದ ಭಾಗವೇ ಇರಬೇಕೆಂದು ಜನ ಚಪ್ಪಾಳೆ ತಟ್ಟಿದರು! ಪರದೆ ಎಳೆದು ಗೆಜ್ಜೆ ಬಿಚ್ಚಿ ನೋಡಿದರೆ ಹುಡುಗಿಯ ಪಾದ ಊದಿಹೋಗಿತ್ತು.

“ಹಾಗಾದ್ರೆ ಗುಳಿ ಯಾಕೆ ಖಾಲಿ?” ಮೇಷ್ಟ್ರು ತೊದಲಿದರು.

ಗೋಪಿಯ ವೇಷದಲ್ಲಿದ್ದ ಶಶಿಪ್ರಭಾ ಅಳತೊಡಗಿದಳು. “ಚೆನ್ನೆಮಣೆ ಎದುರಿಗೆ ಉಂಟು, ಬೀಜ ಉಂಟು, ಸುಮ್ಮನೆ ಕೂರ್ಲಿಕ್ಕೆ ಆಗ್ತದಾ ಸರ್? ನೀವು ಕಾಫಿ ಕುಡಿದು ಬರುವಷ್ಟರಲ್ಲಿ ನಾವು ದಿನಾ ಒಂದಾಟ ಆಡ್ತಿದ್ದೆವು. ನೀಲಕ್ಕನ ಗುಳಿಯಲ್ಲೇ ರಾಶಿ ಬೀಜ ಇರ್ತಿತ್ತು. ಅದನ್ನೇ ಎತ್ತಿ ಎಲ್ಲ ಗುಳಿಗೂ ಹಂಚಿದ್ದು...”

ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನೋವೆಂದು ಬಾಯಿ ತೆರೆದ ಮಗುವಿನ ಬಾಯಿ ಮುಚ್ಚಿಸಿದವರು ತಾವೇ! ವಾಗ್ದೇವಿಯಮ್ಮ ಬೈದಿದ್ದರೆ ಚೆನ್ನಾಗಿತ್ತು. ಅವರು ನೋವಿನ ಎಣ್ಣೆಯ ಬಾಟಲಿಯನ್ನು ಗಂಡನ ಕೈಗಿಟ್ಟರು. ಮೇಷ್ಟ್ರು ಶಿಷ್ಯೆಯ ಕಾಲಬುಡದಲ್ಲಿ ಕೂತರು.

“ಅಯ್ಯೋ, ಬೇಡ ಸರ್!” ನೀಲಾವತಿ ಕಾಲೆಳೆದುಕೊಳ್ಳಲು ನೋಡಿದಳು.

“ನೋವು ಎಷ್ಟುಂಟು ಮಗಾ? ಹೇಳು.” ಮೇಷ್ಟ್ರ ಹಣೆಯಿಂದ ಬೆವರು ಇಳಿಯುತ್ತಿತ್ತು.

ಹುಡುಗಿ ಅವರ ಮುಖವನ್ನು ಒಮ್ಮೆ ನೋಡಿದಳು, ಅಷ್ಟೆ.

“ನನ್ನದಿರಲಿ ಸರ್. ನಿಮಗೇ ಭಾರೀ ಸುಸ್ತಾಗಿದೆ. ನೀವು ಸ್ವಲ್ಪ ಮಲಗಿಕೊಳ್ಳಿ.”