ಸಾಗರದ ಮಟ್ಟ

ಸಾಗರ ಪೇಟೆಯಲ್ಲಿ ಕೂತು ಕಡಲಿಗೆ ಸಾಗರ ಅಂದದ್ದೇ ಮಂಜುನಾಥಪ್ಪ ಮೇಷ್ಟ್ರು ಮಾಡಿದ ತಪ್ಪು.

೧೯೬೬ರ ಬೇಸಿಗೆಯ ಒಂದು ಭಾನುವಾರ. ಜಯಪ್ಪನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಮೇಷ್ಟ್ರು ಪೇಪರು ಬಿಡಿಸಿದರು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಅವರಿಗೆ ಮೂಲೆಯ ಸಣ್ಣ ಸುದ್ದಿಯೊಂದು ಕಂಡಿತು. ಹೋಟೆಲಿಗೆಲ್ಲ ಕೇಳುವಂತೆ ಓದಿದರು: "ಕಳೆದ ನೂರು ವರ್ಷಗಳಿಂದ ಸಾಗರದ ಮಟ್ಟ ನಿಧಾನವಾಗಿ ಏರುತ್ತಿದೆ ಎಂದು ವಿಜ್ಞಾನಿಗಳ ಅಭಿಪ್ರಾಯ."

ಪಕ್ಕದ ಬೆಂಚಿನಲ್ಲಿ ದುಗ್ಗಪ್ಪ ಕೂತಿದ್ದ. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಮನೆ, ಗದ್ದೆ ಎರಡನ್ನೂ ಬಿಟ್ಟು ಎರಡು ವರ್ಷದ ಕೆಳಗೆ ಪೇಟೆ ಸೇರಿದವನು. ಬಾಯಿಗೆ ಹೊರಟಿದ್ದ ಬನ್ಸು ಅರ್ಧದಾರಿಯಲ್ಲೇ ನಿಂತಿತು.

"ಇಲ್ಲಿಗೂ ಬಂತಾ ಮೇಷ್ಟ್ರೇ?"

"ಎಲ್ಲಾ ಕಡೆಗೂ ಬರೋದೇ ಮಾರಾಯ. ಭೂಮಿ ಬೆಚ್ಚಗಾಗ್ತಿದೆ. ಧ್ರುವದಲ್ಲಿ ಮಂಜುಗಡ್ಡೆ ಕರಗ್ತದೆ, ಕಾದ ನೀರು ಉಬ್ಬುತ್ತದೆ. ಗಾಳಿ ದಿಕ್ಕು ತಪ್ಪಿದ ವರ್ಷ ಮಳೆನೂ ಹೆಚ್ಚುಕಮ್ಮಿ, ನೀರಿನ ಮಟ್ಟನೂ ಹೆಚ್ಚುಕಮ್ಮಿ."

"ಈಗ ಎಷ್ಟು ಏರಿದೆ?"

ಮೇಷ್ಟ್ರು ಬೆರಳು ಅಗಲಿಸಿ ಅರ್ಧ ಗೇಣು ತೋರಿಸಿದರು.

ದುಗ್ಗಪ್ಪ ಬನ್ಸನ್ನು ಜೇಬಿಗೆ ತುರುಕಿಕೊಂಡು ಎದ್ದ. "ನಮ್ಮೂರಲ್ಲೂ ಮೊದ್ಲು ಅರ್ಧ ಗೇಣೇ ಬಂದಿದ್ದು!" ಅಂದವನೇ ಓಡಿದ.

ಮೇಷ್ಟ್ರು ಕ್ಷೌರ ಮುಗಿಸಿಕೊಂಡು ಮನೆಯ ಕಡೆ ಹೊರಡುವಷ್ಟರಲ್ಲಿ ಆ ಅರ್ಧ ಗೇಣು ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಆಳಾಗಿ, ಮಾರ್ಕೆಟ್ಟಿನಲ್ಲಿ ಎರಡಾಳಾಗಿ ಬೆಳೆದಿತ್ತು. "ಸಾಗರ ಮುಳುಗ್ತದಂತೆ. ಹೈಸ್ಕೂಲ್ ಮೇಷ್ಟ್ರೇ ಪೇಪರಲ್ಲಿ ಓದಿ ಹೇಳಿದ್ರಂತೆ!" ಯಾರೋ ಒಬ್ಬರು ಕೋಳಿಗಳನ್ನು ಅಟ್ಟಕ್ಕೆ ಹತ್ತಿಸುತ್ತಿದ್ದರು. ದುಗ್ಗಪ್ಪ ಆಗಲೇ ಗಾಡಿಗೆ ಒರಳುಕಲ್ಲು ಹೇರಿದ್ದ.

ಮೇಷ್ಟ್ರು ಬಾಡಿಗೆಗಿದ್ದದ್ದು ಯಮುನಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಗಂಡನಿಲ್ಲದೆ ಒಬ್ಬಳೇ ಮಗಳನ್ನು ಸಾಕಿದ ಯಮುನಮ್ಮ ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಸೌಟು.

"ಏನ್ರೀ ಮೇಷ್ಟ್ರೇ, ನಿಮಗೆ ಇವತ್ತೇ ಬೇಕಿತ್ತಾ ಇದು? ಇನ್ನೊಂದು ಗಂಟೆಗೆ ಹೊನ್ನಾವರದ ಕಡೆಯೋರು ಸರೋಜನ್ನ ನೋಡೋಕೆ ಬರ್ತಿದಾರೆ. ಮುಳುಗೋ ಊರಿನ ಹೆಣ್ಣನ್ನ ಯಾರ್ರೀ ತಗೋತಾರೆ? ಈ ಸಂಬಂಧ ಮುರೀಲಿ, ನಿಮ್ಮ ಟ್ರಂಕು ಬೀದಿಲಿರ್ತದೆ!"

ಅಣೆಕಟ್ಟಿನ ಕೆಲಸದವರೂ ಮುಳುಗಡೆಯಿಂದ ಬಂದವರೂ ಸೇರಿ ಪೇಟೆಯಲ್ಲಿ ದನದ ಕೊಟ್ಟಿಗೆಗೂ ಬಾಡಿಗೆ ಬಂದಿದ್ದ ಕಾಲ ಅದು. ಮದುವೆಯಾಗದ ಗಂಡಸಿಗೆ ಕೋಣೆ ಕೊಡುವವರು ಇನ್ನಾರು?

"ಅಯ್ಯೋ, ನಾನು ಹೇಳಿದ್ದು ಈ ಸಾಗರ ಅಲ್ಲ ಯಮುನಮ್ಮ! ಕಡಲು, ಕಡಲು! ನಮ್ಮ ಊರಿಗೆ ಏನೂ ಆಗಲ್ಲ."

ಯಮುನಮ್ಮನ ಸೌಟು ಕೆಳಗಿಳಿಯಿತು. ಮರುಕ್ಷಣವೇ ಮೊದಲಿಗಿಂತ ಎತ್ತರಕ್ಕೆ ಏರಿತು.

"ಕಡಲಾ? ಹುಡುಗನ ಮನೆ ಇರೋದೇ ಕಡಲ ದಂಡೇಲಿ! ಹಿತ್ತಲು ದಾಟಿದ್ರೆ ಉಪ್ಪುನೀರು! ಇರೋ ಒಬ್ಬಳು ಮಗಳನ್ನ ನೀರಿಗೆ ಹಾಕ್ಲಾ? ಬೇಡ, ಈ ಸಂಬಂಧನೇ ಬೇಡ."

ಒಳಗಿನಿಂದ ಸರೋಜ ಬಿಕ್ಕುವುದು ಕೇಳಿಸಿತು. ಹುಡುಗನ ಫೋಟೊ ಬಂದ ದಿನದಿಂದ ಅದು ಅವಳ ಅಕ್ಕಿಡಬ್ಬಿಯಲ್ಲೇ ಇತ್ತು. ದಿನಕ್ಕೆ ನಾಲ್ಕು ಸಲ ಅಕ್ಕಿ ನೋಡಿ ಬರುತ್ತಿದ್ದಳು. ಆ ಬಿಕ್ಕು ಕೇಳಿ ಮೇಷ್ಟ್ರ ಎದೆ ಚುರುಕ್ಕೆಂದಿತು. ಜೊತೆಗೆ ಟ್ರಂಕಿನ ನೆನಪೂ ಆಯಿತು.

"ನೀವು ಸುಮ್ನಿರಿ. ಎಲ್ಲಾ ನಾನು ಸರಿ ಮಾಡ್ತೀನಿ," ಅಂದರು.

ಹನ್ನೊಂದಕ್ಕೆ ನೆಂಟರು ಬಂದರು. ಹುಡುಗ, ಅವನ ತಾಯಿ, ತೆಂಗಿನಮರದ ಹಾಗೆ ಎತ್ತರದ ತಂದೆ ಹೂವಯ್ಯ. ಅವರ ಹಿಂದೆಯೇ ಅರ್ಧ ಕೇರಿ ಜಗಲಿಗೆ ಬಂದು ಕೂತಿತು, ಮುಂದಿನ ಸಾಲಿನಲ್ಲಿ ದುಗ್ಗಪ್ಪ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಎದ್ದರು.

"ಎಲ್ಲರೂ ಕೇಳ್ರಿ. ಬೆಳಿಗ್ಗೆ ನಾನು ಓದಿದ್ದು ಅಚ್ಚಿನ ತಪ್ಪು. ಕಡಲು ಇದ್ದ ಹಾಗೇ ಇದೆ. ಕೂದಲೆಳೆಯಷ್ಟೂ ಏರಿಲ್ಲ, ಇನ್ನು ಸಾವಿರ ವರ್ಷಕ್ಕೂ ಏರಲ್ಲ!"

ಹದಿನೈದು ವರ್ಷ ಭೂಗೋಳ ಕಲಿಸಿದ ನಾಲಿಗೆಗೆ ಹಸಿ ಅಂಟುವಾಳಕಾಯಿ ಅಗಿದ ಹಾಗಾಯಿತು. ಆದರೆ ಯಮುನಮ್ಮನ ಮುಖ ಸಡಿಲವಾಯಿತು. ಬಾಗಿಲ ಹಿಂದೆ ಬಳೆಯ ಸದ್ದಾಯಿತು.

ಹೂವಯ್ಯ ಪಾನಕದ ಲೋಟ ಠಣ್ ಎಂದು ಕೆಳಗಿಟ್ಟರು.

"ಯಾರು ಹೇಳಿದ್ದು ಏರಿಲ್ಲ ಅಂತ? ನನ್ನಜ್ಜ ನೆಟ್ಟ ಮೂರು ಸಾಲು ತೆಂಗಿನಲ್ಲಿ ಎರಡು ಸಾಲು ಕಡಲೊಳಗಿದೆ. ಹೋದ ಮಳೆಗಾಲ ಬೇಲಿ ಬಾಗಿಲಿನ ದಣಪೆಯೂ ಹೋಯ್ತು. ಬಾವಿ ನೀರಲ್ಲಿ ಅನ್ನ ಬೇಯಿಸಿದ್ರೆ ಉಪ್ಪು ಹಾಕೋದೇ ಬೇಡ! ಮಕ್ಕಳಿಗೆ ಪಾಠ ಹೇಳೋರು ಹೀಗಾ ಸುಳ್ಳಾಡೋದು?"

ಮೇಷ್ಟ್ರು ನಿಂತಲ್ಲೇ ನೆಲ ನೋಡಿದರು. ಯಮುನಮ್ಮ ವೀಳ್ಯದ ತಟ್ಟೆ ಎತ್ತಲು ಬಗ್ಗಿದರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು.

"ತಡೀರಿ ಅಮ್ಮ," ಹೂವಯ್ಯನ ದನಿ ತಗ್ಗಿತು. "ಹೇಳೋಕೆ ನಾಚಿಕೆಯಾಗಿ ಬಾಯಿ ಬಿಟ್ಟಿರಲಿಲ್ಲ. ಘಟ್ಟದ ಮೇಲೆ ಹೆಣ್ಣು ಹುಡುಕಿದ್ದೇ ಅದಕ್ಕೆ. ಮಗನಿಗೆ ಇಲ್ಲೇ ಮರದ ಮಿಲ್ಲಿನಲ್ಲಿ ಕೆಲಸ ಸಿಕ್ಕಿದೆ. ನಿಮ್ಮ ಮಗಳು ದಂಡೆಗೆ ಬರೋದು ಬೇಡ. ನಾವೇ ಇಲ್ಲಿಗೆ ಬಂದುಬಿಡ್ತೀವಿ."

ಯಮುನಮ್ಮ ಬಗ್ಗಿದವರು ಹಾಗೇ ಕೂತು ಅತ್ತುಬಿಟ್ಟರು. ಮಗಳು ಕಣ್ಣೆದುರಿಗೇ ಇರುತ್ತಾಳೆಂದರೆ ಇನ್ನೇನು ಬೇಕು? ವೀಳ್ಯ ಬದಲಾಯಿತು. ದುಗ್ಗಪ್ಪ ಒರಳುಕಲ್ಲು ಇಳಿಸಲು ಹೋದ. ಬದುಕಿದೆನಪ್ಪಾ ಎಂದು ಮೇಷ್ಟ್ರು ಮೂಲೆಯಲ್ಲಿ ಕೂತು ಕೇಸರಿಬಾತಿಗೆ ಕೈ ಹಾಕಿದರು.

"ಯಾವಾಗ ಬರ್ತೀರಿ ಬೀಗರೇ?" ಎಂದರು ಯಮುನಮ್ಮ ಕಣ್ಣೊರೆಸಿಕೊಂಡು.

"ಬಂದಾಯ್ತಲ್ಲ! ಮಂಚ, ಹಂಡೆ ಎಲ್ಲಾ ಬಸ್ಸಿನ ಮೇಲೇ ಹಾಕ್ಕೊಂಡು ಬಂದ್ವಿ. ಮಳೆಗಾಲ ಹತ್ತಿರ ಬಂತು. ಕಡಲು ಮುಹೂರ್ತ ನೋಡಿ ಬರಲ್ಲ ನೋಡಿ. ಮದುವೆಯವರೆಗೆ ಇರೋಕೆ ಬೇರೆಯಾಗಿ ಒಂದು ಕೋಣೆ ಸಿಕ್ಕಿದ್ರೆ ಸಾಕಿತ್ತು."

ಯಮುನಮ್ಮ ಮೆಲ್ಲನೆ ಮೇಷ್ಟ್ರ ಹತ್ತಿರ ಬಂದರು. ತಟ್ಟೆಗೆ ಇನ್ನೊಂದು ದೊಡ್ಡ ಚಮಚ ಕೇಸರಿಬಾತು ಬಡಿಸಿ, ಮೇಲೊಂದು ಚಮಚ ತುಪ್ಪ ಸುರಿದರು.

"ಬೆಳಿಗ್ಗೆ ಸಿಟ್ಟಿನಲ್ಲಿ ಏನೇನೋ ಅಂದೆ ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ," ಅಂದರು. "ಈಗ ಸಂತೋಷದಿಂದ ಕೇಳ್ತಿದೀನಿ. ಕೋಣೆ ಇವತ್ತೇ ಬಿಟ್ಟುಕೊಡಿ."

ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಹೂವಯ್ಯ ಪಂಚೆ ಎತ್ತಿಕಟ್ಟಿ ಕೋಣೆಯ ಬಾಗಿಲಲ್ಲಿದ್ದರು.

"ನೀವು ಆರಾಮಾಗಿ ತಿನ್ನಿ ಮೇಷ್ಟ್ರೇ. ಟ್ರಂಕಿಗೆ ನಾನೇ ಕೈ ಹಾಕ್ತೀನಿ."