ಡಬ್ಬಿಗೆ ಮೂರು ಬೆರಳು ಜಾಗ

ಎಲ್ಲದಕ್ಕೂ ಕಾರಣ ಮಡಿವಾಳೆಪ್ಪನ ಗೇಣು.

ನವಲಗುಂದದ ಪತ್ತಿನ ಸಂಘದಲ್ಲಿ ಕಾರಕೂನನಾಗಿದ್ದ ಗೌರೀಶನಿಗೆ ಆಟವಾಡುವ ಕಂಪ್ಯೂಟರನ್ನು ಕೈಯಾರೆ ಜೋಡಿಸುವ ಹುಚ್ಚು. ಬಿಡಿಭಾಗಗಳೆಲ್ಲ ಬಂದು ಮಂಚದ ಕೆಳಗೆ ಸೇರಿದ್ದವು. ಅವನ್ನೆಲ್ಲ ಕೂಡಿಸಿಡುವ ಡಬ್ಬಿ, ಅಂದರೆ ಕೇಸು, ಒಂದೇ ಬಾಕಿ. ಹೆಂಡತಿ ಮಹಾನಂದಾ ಮೊದಲೇ ಷರತ್ತು ಹಾಕಿದ್ದಳು: "ಪಡಸಾಲ್ಯಾಗಿನ ಮಾಡದಾಗ ಹಿಡಿಸಿದ್ರ ಇರ್ತೈತಿ. ಇಲ್ಲಂದ್ರ ಎಲ್ಲಾ ನಮ್ಮ ಹೇಮಂತಗ ಕೊಡೂದು ನೋಡ್ರಿ."

ಹೇಮಂತ ಅವಳ ತಮ್ಮ. ಅಣ್ಣಿಗೇರಿಯಲ್ಲಿ ಆಸೆಗಣ್ಣಿನಿಂದ ಕಾಯುತ್ತಿದ್ದ.

ಗೋಡೆಯಲ್ಲಿದ್ದ ಆ ಮಾಡ, ಹಿಂದಿನವರು ಕಂದೀಲು ಇಡಲು ಬಿಡಿಸಿದ್ದು. ಅದರ ಆಳ ಅಳೆಯಲು ಗೌರೀಶ ಟೇಪು ಹುಡುಕುತ್ತಿದ್ದಾಗ ಎದುರುಮನೆಯ ಹಳೆಯ ಗೌಂಡಿ ಮಡಿವಾಳೆಪ್ಪ ಬಂದ. "ಟೇಪ್ ಯಾಕಲೇ? ಅರ್ಧಾ ಊರು ಈ ಗೇಣಿನ ಮ್ಯಾಲ ನಿಂತೈತಿ" ಎಂದು ಕೈ ಚಾಚಿ, ಒಂದೂವರೆ ಗೇಣು ಆಳ ಎಂದುಬಿಟ್ಟ. ವಯಸ್ಸಿಗೆ ಬೆರಳು ಬಾಗಿ ಗೇಣು ಗಿಡ್ಡವಾಗಿದ್ದುದು ಅವನಿಗೂ ತಿಳಿದಿರಲಿಲ್ಲ.

ಗೇಣಿಗೆ ಒಂಬತ್ತು ಇಂಚಿನ ಲೆಕ್ಕ ಹಿಡಿದು ಹದಿನೈದು ದಿನ ಗೌರೀಶ ಮೊಬೈಲಿನಲ್ಲಿ ಕೇಸು ನೋಡಿದ. ಮಿಠಾಯಿ ಅಂಗಡಿಯ ಕಪಾಟಿನಂತೆ ಸುತ್ತ ಗಾಜಿನವನ್ನೆಲ್ಲ ಬಿಟ್ಟು, ರೊಟ್ಟಿ ಡಬ್ಬಿಯಷ್ಟಿದ್ದ ಒಂದನ್ನು ತರಿಸಿದ. ರವಿವಾರ ಬೆಳಿಗ್ಗೆ ಅದು ಬಂತು. ಮಾಡದೊಳಗೆ ಇಟ್ಟರೆ ಮೂರು ಬೆರಳು ಹೊರಗೇ ಉಳಿಯಿತು.

"ಇದಕ್ಕಿಂತ ಸಣ್ಣದು ತಂದ್ರ ಅದರಾಗ ಗ್ರಾಫಿಕ್ಸ್ ಕಾರ್ಡ್ ಕುಂಡ್ರೂದಿಲ್ಲ ಕಾಕಾ" ಎಂದ ಗೌರೀಶ, ನೋಡಲು ಬಂದಿದ್ದ ಮಡಿವಾಳೆಪ್ಪನಿಗೆ. ಅಳು ಬರುವುದೊಂದು ಬಾಕಿ.

"ನನ್ನ ಗೇಣು ತಪ್ಪೂದಿಲ್ಲ. ಗ್ವಾಡೀನ ತಪ್ಪೈತಿ. ಮೂರ ಬೆರಳ ಕಡದ್ರ ಆತು" ಎಂದು ಮಡಿವಾಳೆಪ್ಪ ಉಳಿ, ಸುತ್ತಿಗೆ ತಂದ.

ಮೊದಲ ಏಟಿಗೆ ಗಾರೆ ಉದುರಿತು. ಎರಡನೆಯದಕ್ಕೆ ಮಣ್ಣು. ಮೂರನೆಯ ಏಟಿಗೆ ಬೆಳಕು ಬಂತು, ಬೆಳಕಿನ ಹಿಂದೆ ಬಾಜೂಮನೆಯ ಖಾದರಬಿಯ ಮುಖ. ಎರಡೂ ಮನೆಗೆ ಗೋಡೆ ಒಂದೇ ಎಂಬುದು ಗೌಂಡಿಗೆ ಮರೆತೇಹೋಗಿತ್ತು.

"ಯಾಕ್ರಿ ಗೌರೀಶಪ್ಪಾ, ಬಾಗಲದಾಗ ಬಂದಿದ್ರ ಬ್ಯಾಡ ಅಂತಿದ್ವೇನ್ರಿ?" ಎಂದಳು ಖಾದರಬಿ, ಕೈಯಲ್ಲಿ ಉಳ್ಳಾಗಡ್ಡಿ ಹಿಡಿದೇ.

ಮಹಾನಂದಾ ಓಡಿಬಂದಳು. ಮಂಗಳಾರತಿಗೆ ಗೌರೀಶ ತಲೆ ಬಗ್ಗಿಸಿ ನಿಂತ. ಆದರೆ ಅಷ್ಟರಲ್ಲಿ ಖಾದರಬಿ ತೂತಿನಿಂದ ಶಾವಿಗೆ ಪಾಯಸದ ಬಟ್ಟಲು ಚಾಚಿದ್ದಳು. ಬಂದ ಬಟ್ಟಲನ್ನು ಬರಿದು ಕಳಿಸುವುದುಂಟೆ? ಮಹಾನಂದಾ ಶೇಂಗಾ ಚಟ್ನಿ ತುಂಬಿ ಕೊಟ್ಟಳು. ಅದಕ್ಕೆ ಬದಲು ಉಪ್ಪಿನಕಾಯಿ ಬಂತು, ಅದಕ್ಕೆ ಬದಲು ಝುಣಕ ಹೋಯಿತು. ಇಷ್ಟು ವರ್ಷ ಓಣಿ ಸುತ್ತಿ ಸಾಗಿಸುತ್ತಿದ್ದ ಬಟ್ಟಲುಗಳು ಮಧ್ಯಾಹ್ನದೊಳಗೆ ನಾಲ್ಕು ಸಲ ಓಡಾಡಿದವು.

ಮಡಿವಾಳೆಪ್ಪ ತೂತು ಮುಚ್ಚಲು ಮಣ್ಣು ಕಲಸಿದರೆ, ಮಹಾನಂದಾ ಅಡ್ಡ ನಿಂತಳು. "ಮುಚ್ಚಿದ್ರ ನೋಡ್ರಿ ಕಾಕಾ."

"ಮತ್ತ ನನ್ನ ಕಂಪ್ಯೂಟರ್?" ಎಂದ ಗೌರೀಶ.

"ಮಾಡದಾಗ ಹಿಡಿಸಿದ್ರ ಅಂದಿದ್ದೆ. ಈಗ ಮಾಡ ಎಲ್ಲೈತ್ರಿ?"

ಸಂಜೆಯ ಬಸ್ಸಿಗೆ ಹೇಮಂತ ಬಂದ. ಮಂಚದ ಕೆಳಗಿನದೆಲ್ಲ ಚೀಲಕ್ಕೆ ಸೇರಿತು. ಕೇಸಿಗೆ ಕೈ ಹಾಕಿದಾಗ ಮಾತ್ರ ಅಕ್ಕ ತಡೆದಳು. ತೂತಿನಂಚು ಹರಕುಮುರುಕು, ಬಟ್ಟಲು ಇಟ್ಟರೆ ವಾಲುತ್ತಿತ್ತು. ಅವಳು ಕೇಸನ್ನು ಅದರೊಳಗೆ ಅಡ್ಡ ಮಲಗಿಸಿ, ಮೇಲೊಂದು ಬಟ್ಟಲಿಟ್ಟು ನೋಡಿದಳು. ವಾಲಲಿಲ್ಲ.

ಮಡಿವಾಳೆಪ್ಪ ಬಾಗಿ, ಗೇಣು ಹಾಕಿ, ಗೌರೀಶನ ಹೆಗಲು ತಟ್ಟಿದ. "ನೋಡ ತಮ್ಮಾ, ಅಗದಿ ಬರೋಬರಿ ಕುಂತೈತಿ. ನನ್ನ ಗೇಣು ಎಂದೂ ತಪ್ಪಿಲ್ಲ."